ಬೆಳಕಿನ ಚಿಮಟ, ಅಪ್ಪನ ತಕ್ಕಡಿ

ರಾತ್ರಿ ಹನ್ನೊಂದೂವರೆ. ಹಾಸ್ಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದೆ. ಎಂಎಸ್ಸಿ ಪ್ರಾಜೆಕ್ಟಿನ ಪ್ರೆಸೆಂಟೇಷನ್‌ಗೆ ನಾಲ್ಕೇ ದಿನ ಬಾಕಿ. ಪರದೆಯ ಮೇಲೆ ಮೂರು ತಿಂಗಳ ಬೆವರಿನಿಂದ ಬಂದ ಒಂದು ಗ್ರಾಫ್. ಗ್ರಾಫ್ ಚೆಂದವಾಗಿತ್ತು, ಒಂದು ಸಂಖ್ಯೆ ಮಾತ್ರ ತಪ್ಪಾಗಿತ್ತು. 65 ಬರಬೇಕಾದ ಕಡೆ 53 ಬಂದಿತ್ತು. ಎಕ್ಸೆಲ್ ಶೀಟಿನ ಒಂದು ಕಾಲಂ ಅನ್ನು 1.23ರಿಂದ ಗುಣಿಸಿದರೆ ಮುಗಿಯಿತು, ಎಲ್ಲ ಸರಿಹೋಗುತ್ತಿತ್ತು.

ಗುಣಿಸಿದೆ. ಎಲ್ಲ ಸರಿಹೋಯಿತು. ಆದರೆ ನಿದ್ದೆ ಬರಲಿಲ್ಲ.

ಈ ಗುಣಾಕಾರ ನನಗೆ ಹೊಸದೇನಲ್ಲ. ಬಿಎಸ್ಸಿ ಮಾಡಿದವರಿಗೆಲ್ಲ ಇದು ಗೊತ್ತಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಪ್ರಾಕ್ಟಿಕಲ್ ದಿನ ಬಾರ್ ಪೆಂಡುಲಮ್ ತೂಗುಹಾಕುತ್ತಿದ್ದೆವು. ಗುರುತ್ವ ವೇಗೋತ್ಕರ್ಷ 9.8 ಬರಬೇಕು ಎಂಬುದು ಪೆಂಡುಲಮ್ ತೂಗುವ ಮೊದಲೇ ಗೊತ್ತು. 11.2 ಬಂದರೆ? ಹಿಂದಿನಿಂದ ಲೆಕ್ಕ ಮಾಡಿಕೊಂಡು ಬಂದು ರೀಡಿಂಗನ್ನೇ ತಿದ್ದುತ್ತಿದ್ದೆವು. ಪ್ಲಾಂಕ್ ಸ್ಥಿರಾಂಕವನ್ನೂ ಹಾಗೆಯೇ ಕಂಡುಹಿಡಿದೆವು. ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಜೂನಿಯರ್‌ಗಳಿಗೆ ಆಸ್ತಿಯ ಹಾಗೆ ಇಳಿದು ಬರುತ್ತಿತ್ತು. ಅದಕ್ಕೆ ನಾವು ಇಟ್ಟಿದ್ದ ಹೆಸರು ‘ಅಡ್ಜಸ್ಟ್‌ಮೆಂಟ್’. ಮೂರು ವರ್ಷ ಅಡ್ಜಸ್ಟ್ ಮಾಡಿಯೇ ಪ್ರಾಕ್ಟಿಕಲ್‌ನಲ್ಲಿ ಪೂರ್ತಿ ಅಂಕ ತೆಗೆದವಳು ನಾನು.

ಹಾಗಿದ್ದವಳು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆಂದು ಬಂದೆ. ಮೊದಲ ದಿನ ಗೈಡ್ ಮೇಡಂ ಹೇಳಿದ ಮಾತು ಅರ್ಥವೇ ಆಗಲಿಲ್ಲ. ‘ನೀನು ಒಂದು ಡಿಎನ್‌ಎ ಅಣುವನ್ನು ಹಿಡಿದು ಎಳೆಯಬೇಕು. ಎಷ್ಟು ಬಲ ಹಾಕಿದರೆ ಎಷ್ಟು ಉದ್ದವಾಗುತ್ತದೆ ನೋಡಬೇಕು’ ಎಂದರು. ಒಂದೇ ಒಂದು ಅಣು! ಹಿಡಿಯುವುದು ಯಾವುದರಲ್ಲಿ? ‘ಬೆಳಕಿನಲ್ಲಿ’ ಎಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ.

ತಮಾಷೆಯಲ್ಲ. ಅದರ ಹೆಸರು ಆಪ್ಟಿಕಲ್ ಟ್ವೀಜರ್, ನಮ್ಮ ಮಾತಿನಲ್ಲಿ ಬೆಳಕಿನ ಚಿಮಟ. ಬೆಳಕು ಬಿದ್ದ ವಸ್ತುವನ್ನು ಅದು ಅತಿ ಮೆಲ್ಲಗೆ ತಳ್ಳುತ್ತದೆ. ಬಿಸಿಲಿಗೆ ನಿಂತ ನಮಗೆ ಅದು ತಿಳಿಯುವುದಿಲ್ಲ. ಆದರೆ ಮೈಕ್ರಾನ್ ಗಾತ್ರದ ಪಾರದರ್ಶಕ ಪ್ಲಾಸ್ಟಿಕ್ ಗುಂಡಿಗೆ ಆ ತಳ್ಳುವಿಕೆ ದೊಡ್ಡದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಆರ್ಥರ್ ಆಶ್ಕಿನ್ 1970ರಲ್ಲಿ ಲೇಸರ್‌ನಿಂದ ಇಂಥ ಗುಂಡುಗಳನ್ನು ತಳ್ಳಿ ತೋರಿಸಿದರು. 1986ರಲ್ಲಿ ಅವರೂ ಅವರ ಸಂಗಡಿಗರೂ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದೇ ಲೇಸರ್ ಕಿರಣವನ್ನು ಶಕ್ತಿಶಾಲಿ ಮಸೂರದಿಂದ ಒಂದು ಚುಕ್ಕಿಗೆ ಕೂಡಿಸಿದರೆ, ಗುಂಡು ಆ ಚುಕ್ಕಿಯ ಹತ್ತಿರವೇ ಬಂದು ಕೂರುತ್ತದೆ. ಪಕ್ಕಕ್ಕೆ ಸರಿದರೆ ಗುಂಡಿನೊಳಗೆ ಬಾಗುವ ಬೆಳಕೇ ಅದನ್ನು ಮತ್ತೆ ನಡುವಿಗೆ ಎಳೆಯುತ್ತದೆ, ಬಟ್ಟಲಿನ ತಳದಲ್ಲಿರುವ ಗೋಲಿಯ ಹಾಗೆ. ಮರುವರ್ಷ ಬ್ಯಾಕ್ಟೀರಿಯಾಗಳನ್ನೂ ಹಿಡಿದರು. ಹಸಿರು ಲೇಸರ್‌ಗೆ ಅವು ಸಾಯುತ್ತಿದ್ದವು. ಕಣ್ಣಿಗೆ ಕಾಣದ ಅತಿಗೆಂಪು ಲೇಸರ್ ಹಾಕಿದಾಗ ಬದುಕಿ, ಬಲೆಯೊಳಗೇ ಮರಿ ಮಾಡಿದವು! ಈ ಕೆಲಸಕ್ಕೆ ಆಶ್ಕಿನ್ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆಗ ಅವರ ವಯಸ್ಸು 96. ‘ಇನ್ನೂ ಕೆಲಸ ಸಿಕ್ಕಿಲ್ಲವಾ?’ ಎಂದು ಕೇಳುವ ನೆಂಟರಿಗೆ ನಾನು ಈಗಲೂ ಹೇಳುವ ಉದಾಹರಣೆ ಇದೇ.

ಇನ್ನು ಡಿಎನ್‌ಎ. ನಾವು ಬಳಸುತ್ತಿದ್ದುದು ಲ್ಯಾಂಬ್ಡಾ ಎಂಬ ವೈರಸ್ಸಿನ ಡಿಎನ್‌ಎ. ಅದರಲ್ಲಿ 48,502 ಮೆಟ್ಟಿಲುಗಳು, ಅಂದರೆ ಬೇಸ್ ಜೋಡಿಗಳು. ದಪ್ಪ 2 ನ್ಯಾನೊಮೀಟರ್, ನೇರ ಮಾಡಿದರೆ ಉದ್ದ ಸುಮಾರು 16.5 ಮೈಕ್ರಾನ್. ಮನಸ್ಸಿಗೆ ಹತ್ತಲಿಲ್ಲವಾದರೆ ಹೀಗೆ ಊಹಿಸಿಕೊಳ್ಳಿ: ಆ ದಾರವನ್ನು ಎರಡು ಸೆಂಟಿಮೀಟರ್ ದಪ್ಪದ ಬಾವಿ ಹಗ್ಗದಷ್ಟು ದೊಡ್ಡದು ಮಾಡಿದರೆ ಅದರ ಉದ್ದ 165 ಮೀಟರ್ ಆಗುತ್ತದೆ. ಬಾವಿ ಹಗ್ಗವನ್ನು ನೆಲದ ಮೇಲೆ ಬಿಟ್ಟರೆ ಬಿದ್ದಲ್ಲೇ ಬಿದ್ದಿರುತ್ತದೆ. ಡಿಎನ್‌ಎ ಹಾಗಲ್ಲ. ಸುತ್ತಲಿನ ನೀರಿನ ಅಣುಗಳು ಅದನ್ನು ಬಿಡುವಿಲ್ಲದೆ ಗುದ್ದುತ್ತವೆ. ಗುದ್ದಿಸಿಕೊಂಡು ಅದು ಬೆಕ್ಕು ಆಡಿಸಿದ ನೂಲಿನುಂಡೆಯ ಹಾಗೆ ಸುರುಳಿಯಾಗಿ, ಒಂದೂಕಾಲು ಮೈಕ್ರಾನಿನಷ್ಟು ಜಾಗದಲ್ಲಿ ಮುದುಡಿಕೊಂಡಿರುತ್ತದೆ.

ಇಂಥ ದಾರದ ಎರಡೂ ತುದಿಗೆ ರಾಸಾಯನಿಕ ‘ಗಂಟು’ ಹಾಕಬೇಕು. ಒಂದು ತುದಿಗೆ ಬಯೋಟಿನ್. ಕೂದಲಿನ ಮಾತ್ರೆಯ ಜಾಹೀರಾತಿನಲ್ಲಿ ಬರುತ್ತದಲ್ಲ, ಅದೇ ವಿಟಮಿನ್. ಸ್ಟ್ರೆಪ್ಟಾವಿಡಿನ್ ಎಂಬ ಪ್ರೊಟೀನು ಬಯೋಟಿನ್ ಅನ್ನು ಕಂಡರೆ ಹಿಡಿದು ಬಿಡುವುದೇ ಇಲ್ಲ. ಆ ಪ್ರೊಟೀನು ಬಳಿದ ಗುಂಡು ಒಂದು ಕಡೆ. ಇನ್ನೊಂದು ತುದಿಗೆ ಬೇರೆ ಗಂಟು, ಬೇರೆ ಗುಂಡು. ಎರಡು ಗುಂಡುಗಳನ್ನು ಎರಡು ಬೆಳಕಿನ ಬಲೆಗಳಲ್ಲಿ ಹಿಡಿದು, ಒಂದನ್ನು ಮೆಲ್ಲಗೆ ದೂರ ಸರಿಸಬೇಕು. ನಡುವೆ ಡಿಎನ್‌ಎ ಇದ್ದರೆ ಇನ್ನೊಂದು ಗುಂಡು ತನ್ನ ಬಲೆಯ ನಡುವಿನಿಂದ ತುಸು ಜರುಗುತ್ತದೆ. ಎಷ್ಟು ಜರುಗಿತು ನೋಡಿ ಬಲ ಎಷ್ಟು ಎಂದು ಹೇಳುವುದು. ಅಂಗಡಿಯ ಸ್ಪ್ರಿಂಗ್ ತಕ್ಕಡಿಯಲ್ಲಿ ಮುಳ್ಳು ಇಳಿದಷ್ಟು ತೂಕ ಎನ್ನುವ ಹಾಗೆ.

ತಕ್ಕಡಿ ಎಂದರೆ ನನಗೆ ಅಪ್ಪನೇ ನೆನಪಾಗುವುದು. ತುಮಕೂರು ಜಿಲ್ಲೆಯ ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ನೂರು ಗ್ರಾಂ ಸಕ್ಕರೆಯ ಪೊಟ್ಟಣ ಅಂಗೈ ಮೇಲಿಟ್ಟರೆ ಅದು ಒತ್ತುವ ಬಲ ಸುಮಾರು ಒಂದು ನ್ಯೂಟನ್. ಡಿಎನ್‌ಎ ಎಳೆಯುವ ಬಲದ ಅಳತೆ ಪಿಕೊನ್ಯೂಟನ್. ಅಂದರೆ ಆ ಪೊಟ್ಟಣದ ಭಾರವನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಮೊದಲ ಆರು ವಾರ ಒಂದೂ ಅಣು ಸಿಗಲಿಲ್ಲ. ಗುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಕೆಲವೊಮ್ಮೆ ನಡುವೆ ಡಿಎನ್‌ಎ ಇರುತ್ತಲೇ ಇರಲಿಲ್ಲ. ಕೆಲವೊಮ್ಮೆ ಮೂರ್ನಾಲ್ಕು ಒಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದವು. ಗಾಳಿ ತುಂಬಿದ ಕಾಲುಗಳ ಮೇಲೆ ತೇಲುವ ಆ ದೊಡ್ಡ ಟೇಬಲ್ಲಿನ ಪಕ್ಕ ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ರೀಡಿಂಗ್ ನಡುಗುತ್ತಿತ್ತು. ಕತ್ತಲ ಕೋಣೆ, ಕಣ್ಣಿಗೆ ಸುರಕ್ಷತಾ ಕನ್ನಡಕ, ಎದುರಿಗೆ ಕಂಪ್ಯೂಟರಿನಲ್ಲಿ ಎರಡು ಬೂದು ಚುಕ್ಕೆ. ಅಮ್ಮ ಫೋನ್ ಮಾಡಿ ‘ಏನ್ ಮಾಡ್ತಿದ್ದೀಯಮ್ಮ?’ ಎಂದರೆ ‘ಮೀನು ಹಿಡೀತಿದ್ದೀನಿ’ ಅನ್ನುತ್ತಿದ್ದೆ.

ಏಳನೇ ವಾರದ ಒಂದು ಸಂಜೆ ಗುಂಡನ್ನು ದೂರ ಸರಿಸುತ್ತಿದ್ದೆ. ಹತ್ತು ಮೈಕ್ರಾನ್... ಏನೂ ಇಲ್ಲ. ಹದಿಮೂರು... ಏನೂ ಇಲ್ಲವೆನ್ನುವಷ್ಟು ಕಡಿಮೆ, ಒಂದು ಪಿಕೊನ್ಯೂಟನ್ನಿಗೂ ಕಮ್ಮಿ. ಹದಿನೈದು ದಾಟಿತು. ಗ್ರಾಫಿನ ಗೆರೆ ನಿಧಾನಕ್ಕೆ ತಲೆ ಎತ್ತಿತು. ಹದಿನಾರು ದಾಟುತ್ತಿದ್ದಂತೆ ಗೋಡೆ ಹತ್ತಿದ ಹಾಗೆ ನೇರ ಮೇಲಕ್ಕೆ! ಸುಮ್ಮನೆ ಮುದುಡಿಕೊಂಡಿದ್ದ ದಾರ ಈಗ ಬಿಗಿದು ನಿಂತಿದೆ. ಒಂದೇ ಒಂದು ಅಣು, ನನ್ನ ಕೈಯಲ್ಲಿ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಇನ್ನೂ ಎಳೆದರೆ ಒಂದು ವಿಚಿತ್ರ ನಡೆಯುತ್ತದೆ. 1996ರಲ್ಲಿ ಅಮೆರಿಕದ ಕಾರ್ಲೋಸ್ ಬುಸ್ಟಮಾಂಟೆ ಅವರ ತಂಡ ಮತ್ತು ಫ್ರಾನ್ಸಿನ ಇನ್ನೊಂದು ತಂಡ ಏಕಕಾಲಕ್ಕೆ ಪ್ರಕಟಿಸಿದ ವಿಷಯವಿದು. ಬಲ ಸುಮಾರು 65 ಪಿಕೊನ್ಯೂಟನ್ ಮುಟ್ಟಿದಾಗ ಡಿಎನ್‌ಎ ಇದ್ದಕ್ಕಿದ್ದಂತೆ ಸೋಲೊಪ್ಪುತ್ತದೆ. ಬಲ ಹೆಚ್ಚದಿದ್ದರೂ ಉದ್ದವಾಗುತ್ತ ಉದ್ದವಾಗುತ್ತ ತನ್ನ ಉದ್ದದ 1.7 ಪಟ್ಟು ಆಗುತ್ತದೆ. ಸುರುಳಿ ಏಣಿಯ ತಿರುಪು ಬಿಚ್ಚುವುದು, ಎರಡು ಎಳೆಗಳು ಬೇರೆಯಾಗುವುದು ಇವೆಲ್ಲ ಆ ಹಂತದಲ್ಲೇ ನಡೆಯುವ ಸಂಗತಿಗಳು. ಗ್ರಾಫಿನಲ್ಲಿ ಅದು ಬೆಟ್ಟದ ಮೇಲಿನ ಮಟ್ಟಸ ಬಯಲಿನಂತೆ ಕಾಣುತ್ತದೆ. ಈ ಬಯಲು ಡಿಎನ್‌ಎಯ ಸಹಿ ಇದ್ದಂತೆ. ಅದನ್ನು ನೋಡಿದರೆ ಸಿಕ್ಕಿರುವುದು ಒಂದೇ ಅಣು ಎಂಬುದೂ ಖಾತ್ರಿ.

ಬಯಲು ನನಗೂ ಸಿಕ್ಕಿತು. ಆದರೆ 53ರಲ್ಲಿ. ಇನ್ನೊಂದು ಅಣು ಎಳೆದೆ, 54. ಮತ್ತೊಂದು, 52. ಹೀಗೆ ಏಳು ಅಣು. ಎಲ್ಲವೂ ಒಗ್ಗಟ್ಟಾಗಿ ತಪ್ಪು ಹೇಳುತ್ತಿದ್ದವು.

ಆಮೇಲಿನದು ಆ ರಾತ್ರಿಯ ಕತೆ. 1.23ರಿಂದ ಗುಣಿಸಿದ ಗ್ರಾಫನ್ನು ಸ್ಲೈಡಿಗೆ ಹಾಕಿ ಮಲಗಿದೆ. ಈ ಪ್ರಾಜೆಕ್ಟ್ ಚೆನ್ನಾಗಿ ಆದರೆ ಮೇಡಂ ಪಿಎಚ್‌ಡಿಗೆ ಶಿಫಾರಸು ಪತ್ರ ಕೊಡುತ್ತಾರೆ. ಕೊಡದಿದ್ದರೆ ಊರಿಗೆ ಹೋಗಬೇಕು. ಊರಿನಲ್ಲಿ ಎರಡು ಜಾತಕಗಳು ಕಾಯುತ್ತಿದ್ದವು. ಹಾಗಾಗಿ ಆ ರಾತ್ರಿ ನನ್ನನ್ನು ಕಾಡಿದ್ದು ಸತ್ಯಸಂಧತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಡಿದ್ದು ಭಯ. ಯಾರಾದರೂ ‘ಈ ಬಲೆಯ ಬಿಗಿತ ಹೇಗೆ ಅಳೆದೆ?’ ಎಂದು ಕೇಳಿದರೆ ಏನು ಹೇಳಲಿ?

ಬೆಳಿಗ್ಗೆ ಲ್ಯಾಬಿಗೆ ಹೋದಾಗ ನಮ್ಮ ಸೀನಿಯರ್, ಪಿಎಚ್‌ಡಿ ಮಾಡುತ್ತಿದ್ದ ಧಾರವಾಡದ ಅಕ್ಕ, ಚಹಾ ಹಿಡಿದು ಕುಳಿತಿದ್ದರು. ‘ಯಾಕವಾ, ಮಾರಿ ಸಪ್ಪಗ ಮಾಡ್ಕೊಂಡು ಬಂದೀಯಲ್ಲ?’ ಎಂದರು. ಎಲ್ಲ ಹೇಳಿಬಿಟ್ಟೆ, ಗುಣಿಸಿದ್ದನ್ನೂ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕು ಒಂದೇ ಪ್ರಶ್ನೆ ಕೇಳಿದರು: ‘65 ಬರಬೇಕು ಅನ್ನೋದು ನಿನಗ ಗೊತ್ತ ಇರಲಿಲ್ಲ ಅಂದ್ರ ಏನ್ ಮಾಡ್ತಿದ್ದಿ?’

ಆ ಪ್ರಶ್ನೆ ನನ್ನ ಮೂರು ವರ್ಷದ ಬಿಎಸ್ಸಿಯನ್ನು ಒಂದೇಟಿಗೆ ಕೆಡವಿತು. 9.8 ಗೊತ್ತಿರದಿದ್ದರೆ? ಪೆಂಡುಲಮ್ಮಿನ ಉದ್ದವನ್ನು ಮತ್ತೊಮ್ಮೆ ಅಳೆಯುತ್ತಿದ್ದೆ. ಸ್ಟಾಪ್‌ವಾಚ್ ಬದಲಿಸುತ್ತಿದ್ದೆ. ಅಂದರೆ ಪ್ರಯೋಗ ಮಾಡುತ್ತಿದ್ದೆ.

ಇಬ್ಬರೂ ಕೂತು ಒಂದೊಂದೇ ಅನುಮಾನ ಪಟ್ಟಿ ಮಾಡಿದೆವು. ಮೊದಲನೆಯದು ಉಪ್ಪು. ದ್ರಾವಣದಲ್ಲಿ ಉಪ್ಪು ಕಡಿಮೆಯಾದರೆ ಡಿಎನ್‌ಎ ಬೇಗ ಸೋಲುತ್ತದೆ, ಬಯಲು ಕೆಳಗಿಳಿಯುತ್ತದೆ. ಹೊಸ ದ್ರಾವಣ ಮಾಡಿ ನೋಡಿದೆವು, ಮತ್ತೆ 53. ಎರಡನೆಯದು ಡಿಟೆಕ್ಟರ್. ಅದೂ ಸರಿಯಿತ್ತು. ಮೂರನೆಯದು ಬಲೆಯ ಬಿಗಿತ. ಅಂದರೆ ನಮ್ಮ ಸ್ಪ್ರಿಂಗ್ ತಕ್ಕಡಿಯ ಸ್ಪ್ರಿಂಗ್ ಎಷ್ಟು ಗಟ್ಟಿ ಎಂಬುದು.

ಅದನ್ನು ನಾನು ಅಳೆಯುತ್ತಿದ್ದುದು ಹೀಗೆ. ನೀರಿನ ಅಣುಗಳ ಗುದ್ದಾಟಕ್ಕೆ ಬಲೆಯೊಳಗಿನ ಗುಂಡು ಸದಾ ನಡುಗುತ್ತಿರುತ್ತದೆ. ಪಕ್ಕಕ್ಕೆ ಸರಿದ ಗುಂಡು ಎಷ್ಟು ಬೇಗ ನಡುವಿಗೆ ಮರಳುತ್ತದೆ ನೋಡಿದರೆ ಸ್ಪ್ರಿಂಗಿನ ಬಿಗಿತ ಸಿಗುತ್ತದೆ. ಆದರೆ ಮರಳುವ ಗುಂಡನ್ನು ನೀರು ತಡೆಯುತ್ತದೆ. ಆ ತಡೆ ಎಷ್ಟು ಎಂಬುದಕ್ಕೆ ಸ್ಟೋಕ್ಸ್ ಸೂತ್ರವಿದೆ, ಪಿಯುಸಿಯಲ್ಲೇ ಓದಿದ್ದು. ಅದನ್ನೇ ಹಾಕಿದ್ದೆ.

‘ಗಾಜಿನಿಂದ ಎಷ್ಟು ಮ್ಯಾಲಿತ್ತು ನಿನ್ನ ಗುಂಡು?’ ಅಕ್ಕ ಕೇಳಿದರು.

ಮೂರು ಮೈಕ್ರಾನ್. ನಮ್ಮ ಮಸೂರದ ಗುಣವೇ ಹಾಗೆ, ಗಾಜಿನಿಂದ ಮೇಲೆ ಹೋದಷ್ಟೂ ಬಲೆ ದುರ್ಬಲವಾಗುತ್ತದೆ. 65 ಪಿಕೊನ್ಯೂಟನ್ ಎಳೆಯಲು ಗಟ್ಟಿ ಬಲೆ ಬೇಕಿತ್ತು. ಅದಕ್ಕೇ ಗುಂಡನ್ನು ತಳದ ಗಾಜಿನ ಹತ್ತಿರ ಇಳಿಸಿದ್ದೆ. ಗುಂಡಿನ ಅಡ್ಡಳತೆ 2 ಮೈಕ್ರಾನ್.

ಬೆಲ್ಲದ ಪಾಕದಲ್ಲಿ ಸೌಟು ಆಡಿಸಿದ್ದೀರಾ? ನಡುವಿನಲ್ಲಿ ಸಲೀಸಾಗಿ ಓಡುವ ಸೌಟು ತಳಕ್ಕೆ ಹತ್ತಿರವಾದಷ್ಟೂ ಭಾರವಾಗುತ್ತದೆ. ಮೈಕ್ರಾನ್ ಗಾತ್ರದ ಗುಂಡಿಗೆ ನೀರೇ ಪಾಕ. ಸ್ಟೋಕ್ಸ್ ಸೂತ್ರ ಹೇಳುವುದು ಗೋಡೆಯೇ ಇಲ್ಲದ ನೀರಿನ ಮಾತು. ಗಾಜು ಇಷ್ಟು ಹತ್ತಿರ ಇದ್ದಾಗ ತಡೆ ಎಷ್ಟು ಹೆಚ್ಚುತ್ತದೆ ಎಂಬುದಕ್ಕೆ ಫಾಕ್ಸೆನ್ ಎಂಬ ವಿಜ್ಞಾನಿ ಕೊಟ್ಟ ತಿದ್ದುಪಡಿ ಇದೆ. ಕ್ಯಾಲ್ಕುಲೇಟರಿನಲ್ಲಿ ಒತ್ತಿದೆ. ನನ್ನ ಗುಂಡಿಗೆ ಬಂದ ಉತ್ತರ 1.22.

ನಾನು ಹಾರಿ ಕುಣಿದೆ. ‘ಅಕ್ಕಾ, ನಾನು ಗುಣಿಸಿದ್ದೇ ಸರಿಯಿತ್ತು!’

‘ಇಲ್ಲ ತಂಗಿ, ಕುಣೀಬ್ಯಾಡ. ನೀ 65 ನೋಡ್ಕೊಂತ ಗುಣಿಸಿದಿ. ಈಗ 65ನ್ನ ಮರ್ತು, ಬ್ಯಾರೆ ದಾರಿಲೆ ಅಳಿ. ಎರಡೂ ಕೂಡಿದ್ರ ಆಗ ನೋಡೋಣು.’

ಬೇರೆ ದಾರಿಯೂ ಇತ್ತು. ಬಲೆ ಬಿಗಿಯಾದಷ್ಟೂ ಗುಂಡಿನ ನಡುಕದ ವಿಸ್ತಾರ ಸಣ್ಣದು. ಎಷ್ಟು ದೂರ ನಡುಗುತ್ತದೆ ಎಂಬುದಷ್ಟೇ ಸಾಕು, ಕೋಣೆಯ ಉಷ್ಣಾಂಶ ಗೊತ್ತಿದ್ದರೆ ಬಿಗಿತ ಸಿಗುತ್ತದೆ. ಈ ಲೆಕ್ಕದಲ್ಲಿ ನೀರಿನ ತಡೆಯ ಮಾತೇ ಬರುವುದಿಲ್ಲ, ಗಾಜಿನ ತಂಟೆಯೂ ಇಲ್ಲ. ಎರಡು ದಿನ, ಬೇರೆ ಬೇರೆ ಎತ್ತರದಲ್ಲಿ ಎರಡೂ ರೀತಿಯಲ್ಲಿ ಅಳೆದೆ. ಗಾಜಿನಿಂದ ದೂರ ಇದ್ದಾಗ ಎರಡೂ ಉತ್ತರ ಒಂದೇ. ಹತ್ತಿರ ಬಂದಂತೆ ಎರಡೂ ಬೇರೆಯಾದವು. ಮೂರು ಮೈಕ್ರಾನಿನಲ್ಲಿ ವ್ಯತ್ಯಾಸ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ಡಿಎನ್‌ಎಯನ್ನು ಮುಟ್ಟದೆಯೇ, 65ರ ಮುಖ ನೋಡದೆಯೇ, ತಪ್ಪು ಎಲ್ಲಿತ್ತೆಂದು ಗೊತ್ತಾಯಿತು. ಹೊಸ ಬಿಗಿತ ಹಾಕಿದ ಮೇಲೆ ಏಳು ಅಣುಗಳೂ 63ರಿಂದ 66ರೊಳಗೆ ಬಂದು ಕೂತವು.

ನೋಡಿ, ಕೊನೆಗೆ ಗುಣಿಸಿದ್ದು ಹೆಚ್ಚುಕಡಿಮೆ ಅದೇ ಸಂಖ್ಯೆಯಿಂದ. ಆ ರಾತ್ರಿಯ ಗ್ರಾಫನ್ನೂ ಈ ಗ್ರಾಫನ್ನೂ ಒಂದರ ಮೇಲೊಂದು ಇಟ್ಟರೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಮೊದಲನೆಯದಕ್ಕೆ ಕಾರಣ ‘ನನಗೆ 65 ಬೇಕಿತ್ತು’. ಎರಡನೆಯದಕ್ಕೆ ಕಾರಣ ‘ಗಾಜು ಹತ್ತಿರವಿತ್ತು’. ನಾಳೆ ನಾನು ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಯೋಗ ಮಾಡಿದರೆ ಮೊದಲನೆಯ ದಾರಿ ನನ್ನನ್ನು ಎಲ್ಲಿಗೂ ಒಯ್ಯುವುದಿಲ್ಲ.

ಉತ್ತರ ಗೊತ್ತಿಲ್ಲದ ಪ್ರಯೋಗಗಳೇ ಈ ಚಿಮಟದ ನಿಜವಾದ ಕೆಲಸ. ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಮಡಚಿಕೊಂಡಿದೆ. ಅದನ್ನು ಬಿಚ್ಚುವ, ಓದುವ, ನಕಲು ಮಾಡುವ ಪ್ರೊಟೀನ್ ಯಂತ್ರಗಳೆಲ್ಲ ಎಳೆಯುತ್ತವೆ, ತಳ್ಳುತ್ತವೆ. ಫೈ29 ಎಂಬ ವೈರಸ್ಸಿನ ಪುಟ್ಟ ಮೋಟಾರು ತನ್ನ ಡಿಎನ್‌ಎಯನ್ನು ಕವಚದೊಳಗೆ ತುರುಕುವಾಗ 57 ಪಿಕೊನ್ಯೂಟನ್ನಿನವರೆಗೆ ಬಲ ಹಾಕಬಲ್ಲದು ಎಂದು 2001ರಲ್ಲಿ ಅಳೆದರು. 2005ರಲ್ಲಿ ಸ್ಟ್ಯಾನ್‌ಫೋರ್ಡ್‌ನ ತಂಡವೊಂದು ಡಿಎನ್‌ಎ ಓದುವ ಆರ್‌ಎನ್‌ಎ ಪಾಲಿಮರೇಸ್ ಒಂದೊಂದೇ ಮೆಟ್ಟಿಲು ಏರುವುದನ್ನು ಕಂಡಿತು. ಒಂದು ಮೆಟ್ಟಿಲು ಎಂದರೆ 0.34 ನ್ಯಾನೊಮೀಟರ್! ಗಾಳಿ ಅಲುಗಿದರೂ ಲೇಸರ್ ಅಲುಗುತ್ತದೆಂದು ಅವರು ಕಿರಣದ ದಾರಿಗೆ ಹೀಲಿಯಂ ತುಂಬಿದ್ದರು. ಅವರಿಗೆ ಹಿಂದಿನ ವರ್ಷದ ರೆಕಾರ್ಡ್ ಪುಸ್ತಕ ಯಾರೂ ಕೊಟ್ಟಿರಲಿಲ್ಲ.

ಪ್ರೆಸೆಂಟೇಷನ್ ದಿನ 53ರ ಗ್ರಾಫನ್ನೂ ತೋರಿಸಿದೆ. ಧ್ವನಿ ನಡುಗುತ್ತಿತ್ತು, ಇಂಗ್ಲಿಷ್ ಎರಡು ಕಡೆ ಕೈಕೊಟ್ಟಿತು. ಆದರೆ ಬಂದ ಪ್ರಶ್ನೆಗಳೆಲ್ಲ ಆ 53ರ ಬಗ್ಗೆಯೇ! ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ರಾಶಿ ಇತ್ತು. ಮೇಡಂ ಪತ್ರ ಕೊಟ್ಟರು. ಪಿಎಚ್‌ಡಿ ಪ್ರವೇಶದ ಮೊದಲ ಸಂದರ್ಶನದಲ್ಲಿ ಆಯ್ಕೆಯಾಗಲಿಲ್ಲ, ಎರಡನೆಯದರ ಫಲಿತಾಂಶ ಇನ್ನೂ ಬರಬೇಕು. ಜಾತಕಗಳು ಸದ್ಯಕ್ಕೆ ದೇವರ ಕೋಣೆಯ ಗೂಡಿನಲ್ಲಿವೆ.

ಕಳೆದ ತಿಂಗಳು ಊರಿಗೆ ಹೋದಾಗ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ಪೊಟ್ಟಣ ಕಟ್ಟುವ ದಾರ ಹಿಡಿದು ಅಪ್ಪನಿಗೆ ಎಲ್ಲ ವಿವರಿಸಿದೆ. ಅಪ್ಪ ಏಳನೇ ಕ್ಲಾಸು. ಲೇಸರ್, ಡಿಎನ್‌ಎ ಎಲ್ಲ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ತಕ್ಕಡಿಯ ಮಾತು ಬಂದಾಗ ಮಾತ್ರ ನೆಟ್ಟಗೆ ಕೂತರು. ಸಾಮಾನು ತೂಗುವ ಮುನ್ನ ಪ್ರತಿ ಸಲವೂ ಖಾಲಿ ತಟ್ಟೆ ಇಟ್ಟು ಸೊನ್ನೆ ತೋರಿಸುತ್ತದೆಯೇ ಎಂದು ನೋಡುವ ಮನುಷ್ಯ ಅವರು. ಗಿರಾಕಿ ಅವಸರ ಮಾಡಿದರೂ ಬಿಡುವುದಿಲ್ಲ. ಚಿಕ್ಕವಳಿದ್ದಾಗ ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ನಮ್ ತಕ್ಕಡಿಗೆ ವರ್ಷಕ್ಕೊಂದ್ ಸಲ ಆಫೀಸಿನೋರು ನೋಡಿ ಮುದ್ರೆ ಹಾಕ್ತಾರೆ ಕಣಮ್ಮ. ನಿಮ್ ಬೆಳಕಿನ ತಕ್ಕಡಿಗೆ ಮುದ್ರೆ ಹಾಕೋರ್ಯಾರು?’

‘ಯಾರೂ ಬರಲ್ಲ ಅಪ್ಪ. ನಾವೇ ಹಾಕ್ಕೋಬೇಕು.’

‘ಹಂಗಾದ್ರೆ ಕಷ್ಟದ ಕೆಲಸನೇ’ ಎಂದು, ಬಂದ ಗಿರಾಕಿಗೆ ಕಡಲೆಬೇಳೆ ತೂಗಲು ಎದ್ದರು. ಮೊದಲು ಖಾಲಿ ತಟ್ಟೆ ಇಟ್ಟು ನೋಡಿದರು.